ಪ್ರಕರಣಗಳ ಲಿಖಿತ ವಿಶ್ಲೇಷಣೆ: ಬೋಧನೆಯ ಒಂದು ಸಮೀಕ್ಷೆ

ವ್ಯವಹಾರ ನಿರ್ವಹಣೆಯ ಶಿಕ್ಷಣವನ್ನು ಕುರಿತು ಈಚೆಗೆ ಬರುತ್ತಿರುವ ಸಮೀಕ್ಷೆಗಳನ್ನು ಓದಿದವರಿಗೆ, ಪ್ರಕರಣ ಪದ್ಧತಿಯೆಂದರೆ ತರಗತಿಯಲ್ಲಿ ನಡೆಯುವ ವಾಗ್ವಾದವೇ ಸರಿ, ಅದೇ ಪ್ರಕರಣವನ್ನು ಕುರಿತು ವಿದ್ಯಾರ್ಥಿಯು ಬರೆದು ಒಪ್ಪಿಸುವ ನಾಲ್ಕಾರು ಪುಟಗಳು ಅಂಕಪಟ್ಟಿಯ ನಿರ್ಬಂಧಕ್ಕಾಗಿ ನಡೆಯುವ ಉಪಚಾರ ಮಾತ್ರ, ಎಂಬ ಭಾವನೆ ಉಂಟಾದರೆ ಅದು ಅವರ ತಪ್ಪಲ್ಲ. ಬಹುಕಾಲ ಇಂಥ ಪುಟಗಳನ್ನೇ ಓದಿ ತಿದ್ದುತ್ತ ಬಂದ ನನ್ನಂಥವರಿಗೆ ಈ ಭಾವನೆಯು ಇತಿಹಾಸಕ್ಕೂ ಅನುಭವಕ್ಕೂ ಸಮಾನವಾಗಿ ವಿರುದ್ಧವೆಂದು ತೋರುತ್ತದೆ.

ಆರಂಭದ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 1870ರಲ್ಲಿ ಹಾರ್ವರ್ಡಿನ ಕಾನೂನು ಶಾಲೆಯ ಡೀನ್ ಆದ ಲ್ಯಾಂಗ್ಡೆಲ್ ನ್ಯಾಯಾಲಯದ ತೀರ್ಪುಗಳನ್ನೇ ಪಠ್ಯವಾಗಿಸಿದನು. 1908ರಲ್ಲಿ ಸ್ಥಾಪಿತವಾದ ಅಲ್ಲಿನ ಬಿಸಿನೆಸ್ ಸ್ಕೂಲಿಗೆ 1919ರಲ್ಲಿ ಡೀನ್ ಆಗಿ ಬಂದ ವಾಲೇಸ್ ಡಾನಮ್, ತಾನು ಕಾನೂನು ಓದಿದವನಾದುದರಿಂದ, ಆ ಕ್ರಮವನ್ನು ವ್ಯಾಪಾರಕ್ಕೆ ವಿಸ್ತರಿಸಿದನು. ಮರುವರ್ಷವೇ ಕೋಪ್‌ಲೆಂಡನ ಮಾರಾಟ ಸಮಸ್ಯೆಗಳ ಸಂಕಲನ ಹೊರಬಂದಿತು. ವಿವೇಕವು ಉಪದೇಶದಿಂದ ದೊರೆಯತಕ್ಕದ್ದಲ್ಲವೆಂದು ಚಾರ್ಲ್ಸ್ ಗ್ರ್ಯಾಗ್ 1940ರಲ್ಲಿ ವಾದಿಸಿದುದು ಈ ಪದ್ಧತಿಗೆ ಒಂದು ತತ್ತ್ವವನ್ನು ಒದಗಿಸಿತು. ಇವರೆಲ್ಲರೂ ಚರ್ಚೆಯನ್ನು ಕೊಂಡಾಡಿದಷ್ಟು ಬರಹವನ್ನು ಕುರಿತು ಚಿಂತಿಸಲಿಲ್ಲ.

ಆದರೆ ಅದೇ ಶಾಲೆಯ ಮೊದಲ ವರ್ಷದಲ್ಲಿ, ವಿದ್ಯಾರ್ಥಿಗಳ ಬಾಯಲ್ಲಿ 'ವ್ಯಾಕ್' ಎನಿಸಿಕೊಂಡ, ಪ್ರಕರಣಗಳ ಲಿಖಿತ ವಿಶ್ಲೇಷಣೆಯ ಪಾಠಕ್ರಮವೊಂದು ದಶಕಗಳ ಕಾಲ ನಡೆಯಿತು. ವರದಿಯನ್ನು ಶನಿವಾರದ ಗಡುವಿನೊಳಗೆ ಒಪ್ಪಿಸಬೇಕು; ಒಪ್ಪಿಸಿದ್ದನ್ನು ಓದಿ ತಿದ್ದುವುದಕ್ಕೆಂದೇ ನೇಮಕಗೊಂಡ ಓದುಗರು ಇದ್ದರು. ಗಡುವಿನ ಭೀತಿಯನ್ನು ಹಳೆಯ ವಿದ್ಯಾರ್ಥಿಗಳು ರಸವತ್ತಾಗಿ ವರ್ಣಿಸುತ್ತಾರೆ. ಆ ಓದುಗರನ್ನು ನೆನೆಯುವವರು ವಿರಳ.

ಹಾರ್ವರ್ಡಿನ ಸಹಯೋಗದಿಂದ 1961ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ಐಐಎಂ ಈ ಪಾಠಕ್ರಮವನ್ನೂ ಬರಮಾಡಿಕೊಂಡಿತು. ಗಡುವಿಗೆ ಮುನ್ನ ವರದಿ ಹಿಡಿದು ಓಡುವ ವಿದ್ಯಾರ್ಥಿಗಳ ದೃಶ್ಯ ಅಲ್ಲಿಯೂ ಪ್ರಸಿದ್ಧವಾಯಿತು. ತರುವಾಯ 1973ರಲ್ಲಿ ಬೆಂಗಳೂರಿನ ಐಐಎಂ, 1980ರಲ್ಲಿ ಮಣಿಪಾಲದ ಟಿ. ಎ. ಪೈ ಸಂಸ್ಥೆ ಸ್ಥಾಪಿತವಾದ ಕಾಲದಲ್ಲಿ ಈ ವೃತ್ತಿಗೆ ಬಂದ ನಮ್ಮ ಪೀಳಿಗೆಗೆ ಸಿದ್ಧಾಂತಗಳ ಬಲವಿರಲಿಲ್ಲ, ಕೆಂಪು ಶಾಯಿಯ ಲೇಖನಿಯಿತ್ತು. ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಹೇಳತಕ್ಕದ್ದು. ಕೈಬಿಟ್ಟ ಪರ್ಯಾಯಗಳನ್ನು ಏಕೆ ಬಿಟ್ಟೆನೆಂದು ತಿಳಿಸತಕ್ಕದ್ದು. ತೀರ್ಮಾನವಿಲ್ಲದ ಸಂಗತಿಯನ್ನೂ ಸಂಗತಿಯ ಆಧಾರವಿಲ್ಲದ ತೀರ್ಮಾನವನ್ನೂ ಪುಟದ ಮೇಲೆ ಉಳಿಯಗೊಡಬಾರದು: ಇಷ್ಟೇ ನಮ್ಮ ಶಾಸ್ತ್ರ.

ಪಂಪುಸೆಟ್ಟು ತಯಾರಿಸುವ ಕಾರ್ಖಾನೆಯೊಂದರ ಪ್ರಕರಣವನ್ನು ಊಹಿಸೋಣ. "ಮಾರಾಟ ಶೇಕಡಾ 12ರಷ್ಟು ಏರಿದೆ. ದಾಸ್ತಾನು ಶೇಕಡಾ 40ರಷ್ಟು ಏರಿದೆ. ಸಂಸ್ಥೆಯು ಬ್ಯಾಂಕಿನಿಂದ ಸಾಲ ಪಡೆದಿದೆ" ಎಂದು ವಿದ್ಯಾರ್ಥಿ ಬರೆಯುತ್ತಾನೆ. ಮೂರೂ ನಿಜ, ಮೂರೂ ಪ್ರಕರಣದಲ್ಲಿಯೇ ಇದ್ದವು. ಅಂಚಿನಲ್ಲಿ "ಆದ್ದರಿಂದ?" ಎಂದಷ್ಟೇ ಬರೆದು ಹಿಂದಿರುಗಿಸಿದರೆ, ಎರಡನೆಯ ಸಲ ಅವನೇ ಬರೆಯುವುದುಂಟು: "ದಾಸ್ತಾನು ಮಾರಾಟಕ್ಕಿಂತ ಮೂರು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಬೆಳೆದಿರುವುದರಿಂದ, ಸಾಲದ ಹಣ ಮಾರಾಟವಾಗದ ಸರಕಿನಲ್ಲಿ ಸಿಲುಕಿರುವ ಸಂಭವವಿದೆ, ಹೊಸ ಯಂತ್ರ ಕೊಳ್ಳುವ ಮುನ್ನ ಯಾವ ಮಾದರಿಯ ಪಂಪುಗಳು ಗೋದಾಮಿನಲ್ಲಿ ಉಳಿದಿವೆಯೆಂದು ನೋಡಬೇಕು." ಮೊದಲನೆಯದು ನಿರೂಪಣೆ, ಎರಡನೆಯದು ವಿಶ್ಲೇಷಣೆ.

ಇಷ್ಟರಲ್ಲಿ ಚೌಕಟ್ಟುಗಳ ಯುಗ ಬಂದಿತ್ತು. ಸಂಸ್ಥೆಯ ಬಲಾಬಲಗಳನ್ನು ನಾಲ್ಕು ಮನೆಗಳಲ್ಲಿ ತುಂಬುವ ಸ್ವಾಟ್ ಕೋಷ್ಟಕ ಪ್ರಚಾರಕ್ಕೆ ಬಂದಿತು. 1979ರಲ್ಲಿ ಮೈಕೇಲ್ ಪೋರ್ಟರ್ ಸ್ಪರ್ಧೆಯ ಐದು ಶಕ್ತಿಗಳನ್ನು ಪ್ರತಿಪಾದಿಸಿದನು. ಇವು ಪ್ರಶ್ನಿಸುವುದಕ್ಕೆ ಉತ್ತಮ ಸಾಧನಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆ ತುಂಬಿದರೆ ವಿಚಾರ ಮುಗಿಯಿತೆಂಬ ಭ್ರಮೆಯನ್ನು ಹರಡಿದವರು ಅವುಗಳ ಕರ್ತೃಗಳಲ್ಲ, ಅವನ್ನು ಬೋಧಿಸಿದ ನಾವು. ವರದಿಯ ಸ್ಥಾನವನ್ನು ಸ್ಲೈಡುಗಳು ಆಕ್ರಮಿಸಿದ ಮೇಲಂತೂ 'ಆದ್ದರಿಂದ' ಎಂಬುದಕ್ಕೆ ಎಡೆಯೇ ಉಳಿಯಲಿಲ್ಲ.

ಬರಹವನ್ನೇ ಅಭ್ಯಸಿಸುವ ವಿದ್ವಾಂಸರ ಪ್ರವೇಶ ಇದಕ್ಕೆ ಪ್ರತ್ಯೌಷಧವಾಯಿತು. ಹಾರ್ವರ್ಡ್ ಪದ್ಧತಿಯೇ ಹಲವು ಬರಹಪ್ರಕಾರಗಳ ಒಂದು ವ್ಯವಸ್ಥೆಯೆಂದು ಫೋರ್ಮನ್ ಮತ್ತು ರೈಮರ್ 1999ರಲ್ಲಿ ತೋರಿಸಿಕೊಟ್ಟರು. ವಿಲಿಯಂ ಎಲೆಟ್ 2007ರ ತನ್ನ ಕೈಪಿಡಿಯಲ್ಲಿ ಪ್ರಕರಣದ ಮೇಲಿನ ಪ್ರಬಂಧವನ್ನು ವಾದವೆಂದೇ ಪರಿಗಣಿಸಿದನು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಕತಾರ್ ಶಾಖೆಯಲ್ಲಿ ಬರವಣಿಗೆಯ ಅಧ್ಯಾಪಕರೂ ಮಾಹಿತಿ ವ್ಯವಸ್ಥೆಗಳ ಅಧ್ಯಾಪಕರೂ ಒಡಗೂಡಿ, ವಿದ್ಯಾರ್ಥಿಗಳನ್ನು ನಿರೂಪಣೆಯಿಂದ ವಿಶ್ಲೇಷಣೆಗೆ ಕರೆತರುವ ಹಂತಗಳನ್ನು ರೂಪಿಸಿ, 2019ರಲ್ಲಿ ಪ್ರಕಟಿಸಿದರು. ಅವರ ಪರಿಭಾಷೆ ನೂತನ. ಅದರ ಒಳಗಿರುವುದು ನಮ್ಮ ಹಳೆಯ ಅಂಚಿನ ಪ್ರಶ್ನೆ ಎಂದರೆ ಅವರಿಗೆ ಅಗೌರವವಾಗದೆಂದು ಭಾವಿಸುತ್ತೇನೆ.

ಈ ಬೋಧನೆಯಲ್ಲಿ ಇನ್ನೂ ಉಳಿದಿರುವ ಕೊರತೆಗಳು ಎರಡು. ಪದವಿಯವರೆಗೆ ಕನ್ನಡದಲ್ಲಿ ವಾಣಿಜ್ಯ ಓದಿ, ಎಂಬಿಎ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕಾದ ನಮ್ಮ ವಿದ್ಯಾರ್ಥಿಯ ವರದಿ ಕುಂಟಿದಾಗ ದೋಷವನ್ನು ಅವನ ವ್ಯಾಕರಣದ ಮೇಲೆ ಹೊರಿಸುವುದು ವಾಡಿಕೆ. ಕನ್ನಡದಲ್ಲಿಯೇ ಹೇಳೆಂದು ಕೇಳಿ ನೋಡಿದರೆ, ಎಷ್ಟೋ ವೇಳೆ ತಡವರಿಸುವುದು ಸಂಗತಿಯಿಂದ ತೀರ್ಮಾನಕ್ಕೆ ದಾಟುವ ಅದೇ ಸ್ಥಳದಲ್ಲಿ. ಮತ್ತೆ ಕೆಲವರು ಅಲ್ಲಿ ಸರಾಗವಾಗಿ ದಾಟುತ್ತಾರೆ. ಈ ಇಬ್ಬರಿಗೂ ಒಂದೇ ಮದ್ದು ಕೊಡುತ್ತಿದ್ದೇವೆ.

ಎರಡನೆಯದು ಓದುಗನ ಪ್ರಶ್ನೆ. ಯುಜಿಸಿಯ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆಯನ್ನು ವಿಧಿಸುತ್ತದೆ. ಅರುವತ್ತು ಮಂದಿಯ ಬರಹವನ್ನು ಓದಿ, ತಿದ್ದಿ, ಮರಳಿ ಬರೆಯಿಸಿ, ಮತ್ತೊಮ್ಮೆ ಓದುವ ಕೆಲಸ ಆ ಲೆಕ್ಕದ ಹೊರಗೆ ಉಳಿದಿದೆ. ಹೊಸ ಕ್ರಮಗಳನ್ನು ಪ್ರತಿಪಾದಿಸುವ ಪ್ರಬಂಧಗಳು ಎರಡನೆಯ ಕರಡನ್ನು ಓದುವವರು ಇದ್ದೇ ಇರುವರೆಂದು ಮೊದಲೇ ಭಾವಿಸಿಕೊಂಡಿವೆ. ತಿದ್ದುವ ಗಂಟೆಗಳನ್ನು ಬೋಧನೆಯ ಗಂಟೆಗಳೆಂದು ಎಣಿಸಲು ಒಂದು ಕಾಲೇಜಾದರೂ ಮುಂದಾದರೆ, ಈ ಕ್ಷೇತ್ರದ ಮುಂದಿನ ಸಮೀಕ್ಷೆಯನ್ನು ಬರೆಯುವವನಿಗೆ ಹೇಳಲು ಏನಾದರೂ ಇದ್ದೀತು.