ಬೆಣ್ಣೆ ಚಾವಡಿಯ ದನಗಳೂ ಕಾವಲಿನ ಹುಲ್ಲೂ

ನಮ್ಮ ಸಂಘ 25 ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಹಳೆಯ ಚರಿತ್ರೆ ಬರೆದುಕೊಡಿ ಅಂತ ಸಂಪಾದಕ ಮಂಡಳಿಯವರು ಕೇಳಿದರು. ರಾಜರ ಯುದ್ಧ, ದೇವಸ್ಥಾನದ ಶಾಸನ ಇವನ್ನೆಲ್ಲ ಬರೆಯುವವರು ಬಹಳ ಮಂದಿ ಇದ್ದಾರೆ. ದನ ಕಟ್ಟಿ ಬದುಕುವ ನಮಗೆ ದನದ ಚರಿತ್ರೆಯೇ ಹತ್ತಿರದ್ದು ಎಂದುಕೊಂಡು ಅಮೃತ ಮಹಲ್ ವಿಚಾರ ಆರಿಸಿಕೊಂಡಿದ್ದೇನೆ. ನಮ್ಮ ರಾಜ್ಯದಲ್ಲಿ ಸರ್ಕಾರವೇ ಕಟ್ಟಿ, ಸರ್ಕಾರವೇ ಮಾರಿ, ಸರ್ಕಾರವೇ ಮತ್ತೆ ಕೂಡಿಸಿದ ದನದ ಫಾರಂ ಎಂದರೆ ಇದೇ.

ಈ ಹಿಂಡಿನ ಮೂಲ ವಿಜಯನಗರದ ಕಾಲಕ್ಕೆ ಹೋಗುತ್ತದೆ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ ತರಿಸಿದ ಹಸುಗಳು ಮುಂದೆ ಮೈಸೂರು ಒಡೆಯರ ಪಾಲಿಗೆ ಬಂದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672-1704) ಅದಕ್ಕೆ ಒಂದು ಇಲಾಖೆಯ ರೂಪ ಬಂದು ‘ಬೆಣ್ಣೆ ಚಾವಡಿ’ ಅಂತ ಹೆಸರಾಯಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಚಾವಡಿ ಅದು. ಚಿಕ್ಕದೇವರಾಜರು ಮಾಡಿದ ದೊಡ್ಡ ಕೆಲಸ ದನ ಕೂಡಿಸಿದ್ದಲ್ಲ, ಆ ದನಕ್ಕಾಗಿ ರಾಜ್ಯದ ಬೇರೆ ಬೇರೆ ಕಡೆ ಹುಲ್ಲುಗಾವಲು ಗೊತ್ತುಮಾಡಿ ಕಾಯ್ದಿಟ್ಟದ್ದು. ಅವನ್ನೇ ನಾವು ಇವತ್ತಿಗೂ ಕಾವಲು ಅನ್ನುವುದು.

ಹೈದರಾಲಿಯ ಕೈಗೆ ಬಂದ ಮೇಲೆ ಬೆಣ್ಣೆಗಿಂತ ಎತ್ತು ಮುಖ್ಯವಾಯಿತು. ಫಿರಂಗಿ ಎಳೆಯುವುದು ಸಾಮಾನ್ಯ ಎತ್ತಿನ ಕೆಲಸವಲ್ಲ. ಚಿದಂಬರಂ ರಕ್ಷಣೆಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತೆಂದರೆ ಅದು ಈ ಎತ್ತುಗಳ ಕಾಲಿನ ಬಲದಿಂದ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಟಿಪ್ಪು ಸುಲ್ತಾನ ಬೆಣ್ಣೆ ಚಾವಡಿ ಎಂಬ ಹೆಸರು ತೆಗೆದು ‘ಅಮೃತ ಮಹಲ್’ ಎಂದು ಕರೆದ. ಹಿಂಡು ಸಾಕುವ ಬಗ್ಗೆ ಒಂದು ಹುಕುಂನಾಮೆಯನ್ನೂ ಹೊರಡಿಸಿದ. ಟಿಪ್ಪುವನ್ನು ಸೋಲಿಸಿದ ಇಂಗ್ಲಿಷ್ ಅಧಿಕಾರಿಗಳೇ ಆಮೇಲೆ ಆ ನಿಯಮಗಳನ್ನು ಬಹುಪಾಲು ಹಾಗೇ ಇಟ್ಟುಕೊಂಡರು ಎಂಬುದು ಗಮನಿಸತಕ್ಕ ವಿಷಯ.

ಕಾವಲಿನ ಲೆಕ್ಕಾಚಾರ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹೊಸ ತಲೆಮಾರಿಗೆ ಕಾವಲು ಅಂದರೆ ‘ಖಾಲಿ ಬಿದ್ದ ಸರ್ಕಾರಿ ಜಾಗ’ ಅಂತಲೇ ಆಗಿಬಿಟ್ಟಿದೆ. ಅದು ಹಾಗಲ್ಲ. ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಅಂತ ವಿಂಗಡಣೆ ಇತ್ತು. ಬೇಸಿಗೆ ಕಾವಲಿಗೆ ನೆರಳಿನ ಮರವೂ ಕೆರೆಯ ನೀರೂ ಬೇಕು. ಮಳೆಗಾಲದ್ದಕ್ಕೆ ಅದು ಬೇಡ, ಹುಲ್ಲು ಚಿಗುರುವ ನೆಲವಾದರೆ ಸಾಕು. ಹಿಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ಬಿಟ್ಟುಹೋದ ಕಾವಲಿನಲ್ಲಿ ಹುಲ್ಲು ಬೀಜ ಕಟ್ಟಿ ಉದುರಿ ಮತ್ತೆ ಹುಟ್ಟುತ್ತಿತ್ತು. ಅಂದರೆ ಆರು ತಿಂಗಳು ಖಾಲಿ ಕಂಡ ಕಾವಲು ಖಾಲಿಯಲ್ಲ, ನಮ್ಮ ಹೊಲದಲ್ಲಿ ಬೀಜಕ್ಕೆ ಬಿಟ್ಟ ರಾಗಿಯ ಹಾಗೆ. ಕೊಟ್ಟಿಗೆ ಕಾಣದೆ ಬಯಲಲ್ಲೇ ಹುಟ್ಟಿ ಬಯಲಲ್ಲೇ ಬೆಳೆದದ್ದರಿಂದಲೇ ಈ ತಳಿಗೆ ಆ ಕಾಲು, ಆ ಗೊರಸು, ಹತ್ತಿರ ಹೋದರೆ ಹಾಯುವ ಆ ರೋಷ ಬಂದದ್ದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಸ್ತುವಾರಿ ಸಡಿಲವಾಗಿ ಹಿಂಡು ಕೆಟ್ಟಿತು. 1813ರಲ್ಲಿ ಮದ್ರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬವನನ್ನು ಮೇಲ್ವಿಚಾರಣೆಗೆ ನೇಮಿಸಿದರು, ಮತ್ತೆ ಸುಧಾರಿಸಿತು. ಹುಣಸೂರು ಅದರ ಮುಖ್ಯ ಠಾಣ್ಯವಾಯಿತು.

ಈಗ ಮುಖ್ಯ ಘಟನೆಗೆ ಬರೋಣ. 1860ರಲ್ಲಿ ಸರ್ ಚಾರ್ಲ್ಸ್ ಟ್ರೆವೆಲಿಯನ್ ಮದ್ರಾಸಿನ ಗವರ್ನರ್ ಆಗಿದ್ದಾಗ, ಖರ್ಚು ಉಳಿತಾಯ ಮಾಡಬೇಕೆಂಬ ಒಂದೇ ಕಾರಣಕ್ಕೆ ಇಡೀ ಹಿಂಡನ್ನು ಮಾರಿಬಿಡುವ ತೀರ್ಮಾನವಾಯಿತು. ಇನ್ನೂರು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿ ಹರಾಜಿಗೆ ಹೋಯಿತು. ಒಳ್ಳೊಳ್ಳೆಯ ರಾಸುಗಳಲ್ಲಿ ಎಷ್ಟೋ ಈಜಿಪ್ಟಿನ ಪಾಷಾನ ಕಡೆಯವರ ಪಾಲಾದವು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದ್ದಿರಬೇಕು, ಸಂಬಳ ಉಳಿಯಿತು, ಮೇವಿನ ಖರ್ಚು ಉಳಿಯಿತು. ಆದರೆ ಸೈನ್ಯಕ್ಕೆ ಎತ್ತು ಬೇಕಾದಾಗ ಪೇಟೆಯಲ್ಲಿ ಅಂಥ ಎತ್ತು ಸಿಗಲಿಲ್ಲ, ಸಿಕ್ಕಿದ್ದು ದುಬಾರಿಯಾಯಿತು. ಬರೀ ಆರು ವರ್ಷಕ್ಕೆ ಸರ್ಕಾರ ತನ್ನ ತೀರ್ಮಾನವನ್ನು ತಾನೇ ತಿರುಗಿಸಿತು. ಲೆವಿನ್ ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ, 1866ರಲ್ಲಿ, ಅಮೃತ ಮಹಲ್ ಪುನಃ ಸ್ಥಾಪನೆಯಾಯಿತು.

ಮಾರಿದ್ದನ್ನು ಮತ್ತೆ ಕೂಡಿಸಲು ಹೇಗೆ ಸಾಧ್ಯವಾಯಿತು? ನನಗೆ ಕಾಣುವಂತೆ ಕಾರಣ ಎರಡು. ನಮ್ಮ ರೈತರ ಮನೆಗಳಲ್ಲಿ ಹಳ್ಳಿಕಾರ್, ಚಿತ್ರದುರ್ಗ, ಹಾಗಲವಾಡಿ ರಕ್ತದ ಹಸು ಹೋರಿ ಉಳಿದಿದ್ದವು. ಅಮೃತ ಮಹಲ್ ಹುಟ್ಟಿದ್ದೇ ಈ ಮೂರೂ ಕೂಡಿ. ಇನ್ನೊಂದು, ಮತ್ತೆ ತಂದು ಬಿಡುವುದಕ್ಕೆ ಕೈಗೆ ಸಿಗುವಷ್ಟು ಕಾವಲುಗಳು ಇನ್ನೂ ಇದ್ದವು. ದನ ಹೋಗಿತ್ತು, ನೆಲ ಹೋಗಿರಲಿಲ್ಲ. ಇದು ಸಣ್ಣ ಮಾತಲ್ಲ.

1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದ ಮೇಲೆ ಈ ಇಲಾಖೆಯೂ ಸಂಸ್ಥಾನಕ್ಕೆ ಸೇರಿತು. ಮುಂದೆ ಮಿಲಿಟರಿಯಿಂದ ಕೃಷಿ ಇಲಾಖೆಗೆ, ಅಲ್ಲಿಂದ ಪಶುಸಂಗೋಪನೆಗೆ ಕೈ ಬದಲಾಯಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಕೇಂದ್ರ ಅದರ ಮುಖ್ಯ ನೆಲೆ.

ನಂತರದ ಕಥೆ ಹರಾಜಿನ ಕಥೆಯಲ್ಲ, ಚೂರು ಚೂರಾಗಿ ಕರಗಿದ ಕಥೆ. ಒಂದು ಕಾಲಕ್ಕೆ ಸುಮಾರು 4 ಲಕ್ಷ ಎಕರೆ ಇದ್ದ ಕಾವಲು ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನಕ್ಕೆ ಅಷ್ಟು, ದರಖಾಸ್ತಿಗೆ ಅಷ್ಟು, ನೀಲಗಿರಿ ನೆಡುತೋಪಿಗೆ ಅಷ್ಟು, ಒತ್ತುವರಿಗೆ ಕೇಳದೆ ಅಷ್ಟು ಹೋಗಿ ಈಗ ಸಣ್ಣ ಪಾಲು ಮಾತ್ರ ಉಳಿದಿದೆ. ಭೂಮಿ ಇಲ್ಲದವನಿಗೆ ಎರಡೆಕರೆ ಕೊಟ್ಟದ್ದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಉಂಡವನಿಗೆ ಗೊತ್ತು ಅನ್ನದ ಬೆಲೆ. ಟ್ರಾಕ್ಟರು, ಲಾರಿ ಬಂದ ಮೇಲೆ ಎತ್ತು ಯಾರಿಗೆ ಬೇಕು ಎಂಬ ಮಾತಿನಲ್ಲೂ ಸತ್ಯವಿದೆ.

ಚಳ್ಳಕೆರೆಯದು ಮಾತ್ರ ಬೇರೆ ಪ್ರಮಾಣದ್ದು. ಚಿತ್ರದುರ್ಗ ಜಿಲ್ಲೆಯ ಆ ತಾಲ್ಲೂಕಿನ ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಡೆಯ ಕಾವಲುಗಳಲ್ಲಿ 2007ರಿಂದ 2010ರ ಒಳಗೆ 9,000 ಎಕರೆಗೂ ಹೆಚ್ಚು ನೆಲವನ್ನು ದೊಡ್ಡ ಸಂಸ್ಥೆಗಳಿಗೆ ಕೊಡಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಜೊತೆಗೆ ಇಸ್ರೋ, ಒಂದು ಸೌರಶಕ್ತಿ ಕಂಪನಿ. ಇವೆಲ್ಲ ದೇಶಕ್ಕೆ ಬೇಕಾದವೇ. 2017ರ ಮೇ ತಿಂಗಳಲ್ಲಿ ಅಲ್ಲಿ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಹಿಂದುಳಿದ ತಾಲ್ಲೂಕಿಗೆ ವಿಜ್ಞಾನ ಬಂತು ಅಂತ ಸಂತೋಷಪಟ್ಟವರೂ ಉಂಟು.

ಆದರೆ ಆ ನೆಲದಲ್ಲಿ ಮೇಯುತ್ತಿದ್ದದ್ದು ಸರ್ಕಾರಿ ದನ ಮಾತ್ರವಲ್ಲ. ಸುತ್ತಲ ಹಳ್ಳಿಗಳ ಕುರಿ, ದನ, ಮ್ಯಾಸಬೇಡರ ದೇವರ ಎತ್ತುಗಳು ಅದನ್ನೇ ನಂಬಿದ್ದವು. ಆ ಕುರಿಯ ಉಣ್ಣೆಯಿಂದಲೇ ಚಳ್ಳಕೆರೆ ಕಂಬಳಿಗೆ ಹೆಸರು. ಕೃಷ್ಣಮೃಗವೂ ಅಲ್ಲಿ ಓಡಾಡುತ್ತಿತ್ತು. ಬೇಲಿ, ಗೋಡೆ ಏಳುವುದನ್ನು ಕಂಡಾಗಲೇ ಎಷ್ಟೋ ಜನಕ್ಕೆ ವಿಷಯ ತಿಳಿದದ್ದು. ಹೋರಾಟ ನಡೆಯಿತು, ಚೆನ್ನೈನ ಹಸಿರು ನ್ಯಾಯಮಂಡಳಿಗೆ ಅರ್ಜಿ ಹೋಯಿತು, 2014ರ ಆಗಸ್ಟ್‌ನಲ್ಲಿ ತೀರ್ಪೂ ಬಂತು. ಗೋಡೆ ಮಾತ್ರ ನಿಂತೇ ಇತ್ತು. ಊರೂರಿನ ಗ್ರಾಮಸಭೆಯಲ್ಲಿ ಮೊದಲೇ ಕೂತು, ನಿಮ್ಮ ಕುರಿ ಎಲ್ಲಿ ಮೇಯುತ್ತೆ, ದಾರಿ ಎಲ್ಲಿ ಬಿಡೋಣ, ಎಷ್ಟು ಬೇಕು ಎಷ್ಟು ಬೇಡ ಅಂತ ಕೇಳಿದ್ದರೆ ಅರ್ಧ ಜಗಳ ಅಲ್ಲೇ ಬಗೆಹರಿಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ. 1860ರ ಹರಾಜನ್ನು 1866ರಲ್ಲಿ ಹಿಂದಕ್ಕೆ ತರಬಹುದಾಗಿತ್ತು. ಕಾಂಕ್ರೀಟಿನ ಕೆಳಗೆ ಹೋದ ಹುಲ್ಲನ್ನು ಯಾವ ಕಮಿಷನರೂ ಕೊಂಡು ತರಲಾರ.

ನಮ್ಮ ಸದಸ್ಯರು ಕೇಳಬಹುದು, ನಾವು ಡೇರಿಗೆ ಹಾಲು ಹಾಕುವವರು, ಮನೆಯಲ್ಲಿರುವುದು ಸೀಮೆಹಸು, ಇದೆಲ್ಲ ನಮಗ್ಯಾಕೆ ಅಂತ. ಅಮೃತ ಮಹಲ್ ಹಸು ಕರುವಿಗೆ ಕುಡಿಸುವುದಕ್ಕಿಂತ ಹೆಚ್ಚು ಹಾಲು ಕೊಡುವುದು ಕಡಿಮೆ, ಅದನ್ನು ಕಟ್ಟಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮೂರ ಗೋಮಾಳವೂ ಅದೇ ಜಾತಿಯ ನೆಲ. ಭೂಕಂದಾಯ ನಿಯಮದಂತೆ 100 ರಾಸಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಮ್ಮೂರ ದನದ ಲೆಕ್ಕ ಎಷ್ಟು, ಗೋಮಾಳದ ಪಹಣಿಯಲ್ಲಿ ಉಳಿದಿರುವುದು ಎಷ್ಟು ಎಂಬುದನ್ನು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗೆಲ್ಲರಿಗೂ ಇದೆ. ಹೊಸ ಕಟ್ಟಡಕ್ಕೆ, ನಿವೇಶನಕ್ಕೆ ಜಾಗ ತೋರಿಸುವ ಪ್ರಸ್ತಾಪ ಬಂದಾಗ ಆ ಎರಡು ಅಂಕಿ ಮೇಜಿನ ಮೇಲೆ ಇರಬೇಕು.

ಅಜ್ಜಂಪುರದಲ್ಲಿ ಹೋರಿಕರುಗಳ ಹರಾಜು ಈ ಕಾಲದಲ್ಲೂ ನಡೆದುಬಂದಿದೆ. ಹಾವೇರಿ, ದಾವಣಗೆರೆ, ಶಿವಮೊಗ್ಗ ಕಡೆಯ ಶೋಕಿಯ ರೈತರು ಬಂದು ಕೂಗುತ್ತಾರೆ, ಜೋಡಿಗೆ ಲಕ್ಷ ರೂಪಾಯಿ ದಾಟಿದ್ದೂ ಉಂಟು. ಬಯಲಲ್ಲಿ ಬೆಳೆದ ಕರು ಮೂಗುದಾರ ಕಂಡಿರುವುದಿಲ್ಲ, ಹಿಡಿದು ಗಾಡಿ ಹತ್ತಿಸುವುದೇ ಒಂದು ಸಾಹಸ. ಮನೆಗೆ ತಂದು ಪಳಗಿಸಿ ನೊಗಕ್ಕೆ ಹಾಕುವ ಹೊತ್ತಿಗೆ ಕೊಂಡವನ ಬೆವರು ಇಳಿದಿರುತ್ತದೆ.