ಬಿಳಿಗಿರಿಯ ಶ್ರೀಪಾದರೇಖೆ

ಚಿತ್ರವೆಂದರೆ ಬಣ್ಣಗಳ ಬೆಡಗು, ಆಕೃತಿಗಳ ತುಂಬುತನ ಎಂದು ಭಾವಿಸುವುದು ಲೋಕರೂಢಿ. ಆದರೆ ಎರಡು ಬಿಳಿಯ ಗೆರೆ, ನಡುವೆ ಒಂದು ಕೆಂಪು ಗೆರೆ, ಇಷ್ಟರಿಂದಲೇ ಮುಗಿಯುವ ಚಿತ್ರವೊಂದು ಕನ್ನಡನಾಡಿನಲ್ಲಿ ಎಂಟುನೂರು ವರ್ಷಗಳಿಗೂ ಮಿಗಿಲಾಗಿ ದಿನಂಪ್ರತಿ ಬರೆಯಲ್ಪಡುತ್ತಲೂ ದಿನಂಪ್ರತಿ ಅಳಿಸಲ್ಪಡುತ್ತಲೂ ಬಂದಿರುವುದು. ಅದನ್ನು ಬರೆಯುವವರು ಚಿತ್ರಕಾರರೆಂದು ಹೆಸರಾದವರಲ್ಲ. ಅದಕ್ಕೆ ಹಲಗೆಯಾದುದು ಮನುಷ್ಯನ ಹಣೆ. ನಿತ್ಯವೂ ಕಣ್ಣಿಗೆ ಬೀಳುವ ವಸ್ತುವಾದುದರಿಂದಲೇ ಇದನ್ನು ಚಿತ್ರವೆಂದು ನೋಡುವ ಅಭ್ಯಾಸ ನಮ್ಮವರಲ್ಲಿ ತಪ್ಪಿಹೋಗಿದೆ.

ಶಾಸ್ತ್ರದಲ್ಲಿ ಇದಕ್ಕೆ ಊರ್ಧ್ವಪುಂಡ್ರವೆಂದು ಹೆಸರು. ಕನ್ನಡಿಗರ ಬಾಯಲ್ಲಿ ನಾಮ. ಕೇಶವನಿಂದ ದಾಮೋದರನವರೆಗಿನ ಹನ್ನೆರಡು ನಾಮಗಳನ್ನು ಒಂದೊಂದಾಗಿ ಉಚ್ಚರಿಸುತ್ತ ದೇಹದ ಹನ್ನೆರಡು ಸ್ಥಾನಗಳಲ್ಲಿ ಇದನ್ನು ಧರಿಸುವುದು ಶ್ರೀವೈಷ್ಣವರ ಆಚಾರ. ದೇವರ ಹೆಸರನ್ನು ನುಡಿದು ಎಳೆದ ಗೆರೆಗೆ ಹೆಸರೆಂಬುದೇ ಹೆಸರಾಗಿ ನಿಂತಿತು. ಬಿಳಿಯ ಗೆರೆಗಳೆರಡರ ನಡುವೆ ಎಡೆಯಿರಬೇಕೆಂದೂ ಆ ಎಡೆಯೇ ಲಕ್ಷ್ಮೀಸಮೇತನಾದ ಹರಿಯ ಮಂದಿರವೆಂದೂ ವಚನಗಳುಂಟು. ಎಂದರೆ ಇಲ್ಲಿ ಗೆರೆಯು ಕೇವಲ ಗೋಡೆ; ಪೂಜ್ಯವಾದುದು ಅದು ಬಿಟ್ಟುಕೊಟ್ಟ ಬರಿದಾದ ಸ್ಥಳ. ಆ ಸ್ಥಳದಲ್ಲಿ ಶ್ರೀಚೂರ್ಣದ ಕೆಂಪು ಗೆರೆಯಾಗಿ ಲಕ್ಷ್ಮಿಯು ನಿಲ್ಲುವಳು.

ಬಿಳಿಯ ಗೆರೆಯ ಮಣ್ಣಿಗೂ ಒಂದು ಕಥೆಯಿದೆ. ಚೋಳದೇಶವನ್ನು ಬಿಟ್ಟು ಹೊಯ್ಸಳರ ನಾಡಿಗೆ ಬಂದಿದ್ದ ರಾಮಾನುಜರ ಬಳಿ ಒಮ್ಮೆ ತಿರುಮಣ್ಣು ಮುಗಿದುಹೋಯಿತಂತೆ. ಚಿಂತೆಯಲ್ಲಿ ಮಲಗಿದ ಅವರಿಗೆ ನಾರಾಯಣನು ಕನಸಿನಲ್ಲಿ ಕಾಣಿಸಿಕೊಂಡು, ಯದುಗಿರಿಯಲ್ಲಿ ತಾನು ಹುತ್ತದೊಳಗೆ ಅಡಗಿರುವುದನ್ನೂ ಬಿಳಿಯ ಮಣ್ಣು ದೊರೆಯುವ ಎಡೆಯನ್ನೂ ತಿಳಿಸಿದನೆಂದು ಪ್ರತೀತಿ. ಮೇಲುಕೋಟೆಯ ಕ್ಷೇತ್ರವು ಹೀಗೆ ಒಂದು ಹಿಡಿ ನಾಮದ ಮಣ್ಣನ್ನು ಹುಡುಕಹೋಗಿ ದೊರೆತುದು. ಗರುಡನು ಶ್ವೇತದ್ವೀಪದಿಂದ ತಂದ ಮೃತ್ತಿಕೆಯೆಂದು ಆ ಮಣ್ಣಿಗೆ ಇಂದಿಗೂ ಮರ್ಯಾದೆಯಿದೆ.

ಈ ಚಿತ್ರವು ಏನನ್ನು ಬರೆದುದು? ವಿಷ್ಣುವಿನ ಪಾದವನ್ನು. ಇದರಲ್ಲಿ ಶ್ರೀವೈಷ್ಣವರ ಎರಡು ಕಲೆಗಳಿಗೂ ಒಮ್ಮತವೇ. ವಡಗಲೆಯವರ ನಾಮವು ಕೆಳಗೆ ದುಂಡಾಗಿ ಬಾಗಿ ಹುಬ್ಬಿನ ನಡುವೆ ನಿಲ್ಲುವುದು; ಅದು ಗಂಗೆಯನ್ನು ಹೆತ್ತ ಬಲಪಾದವೆಂದು ಅವರ ವಿವರಣೆ. ತೆಂಗಲೆಯವರ ನಾಮವು ಮೂಗಿನ ಮೇಲಕ್ಕೆ ಒಂದು ಕಾಲನ್ನು ಇಳಿಬಿಡುವುದು. ಅದು ಕಮಲಪೀಠದ ಮೇಲೆ ನಿಂತ ಎರಡೂ ಪಾದಗಳು ಎಂದು ಇವರ ವಿವರಣೆ. ಈ ಅಲ್ಪವ್ಯತ್ಯಾಸದ ಹಿಂದೆ ದೊಡ್ಡದೊಂದು ಪ್ರಶ್ನೆಯು ಅಡಗಿರುವುದು. ಕೋತಿಯ ಮರಿಯು ತಾಯಿಯನ್ನು ತಾನೇ ಅವಚಿ ಹಿಡಿಯುವಂತೆ ಜೀವನು ದೇವರನ್ನು ಹಿಡಿಯಬೇಕೋ, ಅಥವಾ ಬೆಕ್ಕು ತನ್ನ ಮರಿಯನ್ನು ಕಚ್ಚಿಕೊಂಡು ಒಯ್ಯುವಂತೆ ದೇವರೇ ಜೀವನನ್ನು ಎತ್ತಿಕೊಳ್ಳುವನೋ? ಮರ್ಕಟನ್ಯಾಯ ಮಾರ್ಜಾಲನ್ಯಾಯಗಳೆಂದು ಪಂಡಿತರು ಕರೆದ ಈ ವಿಚಾರವು ಮನುಷ್ಯಪ್ರಯತ್ನಕ್ಕೂ ದೈವಕೃಪೆಗೂ ಇರುವ ಸಂಬಂಧವನ್ನೇ ಕೆದಕುವಂಥದು. ಆದರೆ ಕಾಲಕ್ರಮದಲ್ಲಿ ಪ್ರಶ್ನೆಯು ಹಿಂದಕ್ಕೆ ಸರಿದು ಗೆರೆಯ ವಾದ ಮಾತ್ರ ಮುಂದಕ್ಕೆ ಬಂದಿತು. ಕಂಚಿಯಲ್ಲಿ ದೇವಾಲಯದ ಆನೆಯ ಹಣೆಗೆ ಯಾವ ನಾಮವನ್ನು ಇಡಬೇಕೆಂಬುದು ಜಗಳಕ್ಕೆ ಕಾರಣವಾಗಿ, ಎರಡು ಕಲೆಗಳ ವ್ಯಾಜ್ಯಗಳು ನ್ಯಾಯಾಸ್ಥಾನಗಳ ಮೆಟ್ಟಿಲನ್ನು ಹತ್ತಿದುದು ಪ್ರಸಿದ್ಧವೇ ಇದೆ. ಕನ್ನಡದ ಜನರು ಇದಕ್ಕೆ ತಮ್ಮದೇ ತೀರ್ಪನ್ನು ಕೊಟ್ಟರೋ ಏನೋ, ಮೋಸಹೋಗುವುದಕ್ಕೆ ‘ಪಂಗನಾಮ ಹಾಕಿಸಿಕೊಳ್ಳುವುದು’ ಎಂಬ ಮಾತು ನಮ್ಮ ಭಾಷೆಯಲ್ಲಿ ನೆಲೆಯಾಯಿತು.

ಪಾದದ ಚಿತ್ರವು ಪಕ್ಷದ ಗುರುತಾಗಿ ಒಣಗದೆ, ಪಾದವನ್ನೇ ನೆನಪಿಸುತ್ತ ಉಳಿದ ಸ್ಥಳವೊಂದು ಉಂಟು. ಅದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ. ಪಶ್ಚಿಮಕ್ಕೆ ಬೋಳಾಗಿ ಇಳಿದಿರುವ ಬಿಳಿಯ ಬಂಡೆಯಿಂದಲೇ ಬೆಟ್ಟಕ್ಕೆ ಈ ಹೆಸರು, ಸಂಸ್ಕೃತದಲ್ಲಿ ಶ್ವೇತಾದ್ರಿ. ಯಳಂದೂರಿನ ಬಯಲಿನಿಂದ ನೋಡುವವರಿಗೆ ಹಸುರು ಮಲೆಯ ಹಣೆಯಲ್ಲಿ ಯಾರೋ ಮಣ್ಣಿನ ಗೆರೆಯನ್ನು ಎಳೆದಂತೆ ತೋರುವುದು. ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗ, ಈ ಮೂರೆಡೆಗಳಲ್ಲಿಯೂ ಕಾವೇರಿಯ ನಡುವೆ ಮಲಗಿರುವ ರಂಗನಾಥನು ಇಲ್ಲಿ ಮಾತ್ರ ಎದ್ದು ನಿಂತಿರುವನು. ನಿಂತವನಿಗೆ ನಡೆಯುವುದು ಸಹಜ. ಈ ಬೆಟ್ಟದ ದೇವರ ವಿಷಯದಲ್ಲಿ ಜನರು ಹೇಳುವುದೆಲ್ಲವೂ ಅವನ ನಡಿಗೆಯನ್ನು ಕುರಿತದ್ದೇ.

ಇಲ್ಲಿಗೆ ಉತ್ತರದಲ್ಲಿ, ಕೊಳ್ಳೇಗಾಲದ ಸೀಮೆಯಲ್ಲಿ, ಕಾವೇರಿಯ ದಡಕ್ಕೆ ಸತ್ತೇಗಾಲವೆಂಬ ಊರಿದೆ. 1323ರ ಸುಮಾರಿಗೆ ದೆಹಲಿಯ ಸೈನ್ಯವು ಶ್ರೀರಂಗದ ಮೇಲೆ ಬಿದ್ದಾಗ ವೇದಾಂತದೇಶಿಕರು ‘ಶ್ರುತಪ್ರಕಾಶಿಕೆ’ಯ ಓಲೆಗಳನ್ನೂ ಅದನ್ನು ರಚಿಸಿದ ಸುದರ್ಶನಸೂರಿಗಳ ಮಕ್ಕಳನ್ನೂ ಕಾಪಾಡಿಕೊಂಡು ಬಂದು ನೆಲೆಸಿದುದು ಈ ಸತ್ತೇಗಾಲದಲ್ಲಿ ಎಂದು ಗುರುಪರಂಪರೆಯು ಹೇಳುವುದು. ವಡಗಲೆಯವರಿಗೆ ಪರಮಾಚಾರ್ಯರಾದ ಈ ದೇಶಿಕರೇ ಶ್ರೀರಂಗನಾಥನ ಪಾದುಕೆಗಳನ್ನು ಕುರಿತು 1008 ಶ್ಲೋಕಗಳ ‘ಪಾದುಕಾಸಹಸ್ರ’ವನ್ನು ರಚಿಸಿದವರು. ಒಂದೇ ರಾತ್ರಿಯಲ್ಲಿ ಸಾವಿರ ಶ್ಲೋಕಗಳನ್ನು ಕಟ್ಟಬೇಕೆಂಬ ಪಂಥದಲ್ಲಿ ಎದುರಾಳಿಯು ದೇವರ ಪಾದವನ್ನು ಆರಿಸಿಕೊಂಡು ಮುನ್ನೂರಕ್ಕೆ ನಿಂತನೆಂದೂ, ಇವರು ಪಾದುಕೆಯನ್ನು ಆರಿಸಿಕೊಂಡು ಗೆದ್ದರೆಂದೂ ಐತಿಹ್ಯವಿದೆ. ಆ ಗ್ರಂಥದ ಮೂವತ್ತನೆಯದಾದ ಚಿತ್ರಪದ್ಧತಿಯು ನಮ್ಮ ವಿಷಯಕ್ಕೆ ತೀರ ಹತ್ತಿರವಾದುದು. ಅದರಲ್ಲಿ ಅಕ್ಷರಗಳೇ ರೇಖೆಗಳಾಗಿ ಚಕ್ರ, ಪದ್ಮ ಮುಂತಾದ ಬಂಧಗಳನ್ನು ಬರೆಯುವುವು. ಚತುರಂಗತುರಂಗಬಂಧದಲ್ಲಂತೂ ಮೂವತ್ತೆರಡು ಅಕ್ಷರಗಳ ಶ್ಲೋಕವೊಂದನ್ನು ಮೂವತ್ತೆರಡು ಮನೆಗಳಲ್ಲಿ ತುಂಬಿ, ಚದುರಂಗದ ಕುದುರೆಯ ನಡೆಯಂತೆ ಮನೆಯಿಂದ ಮನೆಗೆ ಹಾರುತ್ತ ಓದಿದರೆ, ಯಾವ ಮನೆಯನ್ನೂ ಎರಡು ಸಲ ಮೆಟ್ಟದೆ, ಮುಂದಿನ ಶ್ಲೋಕವು ಹೊರಬೀಳುವುದು. ಇದನ್ನು ಕೇವಲ ಪಾಂಡಿತ್ಯದ ಕಸರತ್ತೆಂದು ತಳ್ಳಿಬಿಡುವವರೂ ಉಂಟು. ಆದರೆ ಪಾದುಕೆಯನ್ನು ಕುರಿತ ಕಾವ್ಯದಲ್ಲಿ ಹೆಜ್ಜೆಯಿಂದ ಹೆಜ್ಜೆಗೆ ನಡೆದು ಅರ್ಥವನ್ನು ಪಡೆಯಬೇಕೆಂಬ ಏರ್ಪಾಡು ಉಚಿತವೇ ಆಗಿದೆ.

ಪಂಡಿತರು ಪಾದುಕೆಯನ್ನು ಶ್ಲೋಕದಲ್ಲಿ ಕಟ್ಟಿದರೆ ಬಿಳಿಗಿರಿಯ ಸೀಮೆಯಲ್ಲಿ ಅದನ್ನು ತೊಗಲಿನಲ್ಲಿ ಹೊಲಿದವರಿದ್ದಾರೆ. ಬೂದಿತಿಟ್ಟು ಗ್ರಾಮದ ಚಮ್ಮಾರರು ಎರಡು ವರ್ಷಕ್ಕೊಮ್ಮೆ ರಂಗಸ್ವಾಮಿಗೆ ಹೊಸ ಜೋಡನ್ನು ಮಾಡಿ ಒಪ್ಪಿಸುವ ಸಂಪ್ರದಾಯವಿದೆ. ಅದರ ಉದ್ದ ಒಂದು ಅಡಿ ಒಂಬತ್ತು ಅಂಗುಲ. ದೇವರು ಇದನ್ನು ಮೆಟ್ಟಿಕೊಂಡು ಇರುಳಿನಲ್ಲಿ ಕಾಡನ್ನು ಸುತ್ತುವನೆಂದೂ, ಆದಕಾರಣವೇ ಹಳೆಯ ಜೋಡು ಸವೆಯುವುದೆಂದೂ ಭಕ್ತರ ನಂಬಿಕೆ. ಬೇಲೂರಿನ ಚೆನ್ನಕೇಶವನಿಗೂ ಇಂಥ ಜೋಡುಗಳಿದ್ದುವು. ಅವು ಸವೆದಾಗ ಚನ್ನಗಿರಿ ಬಸವಾಪಟ್ಟಣಗಳ ಚಮ್ಮಾರರಿಗೆ ಕನಸಾಗುತ್ತಿತ್ತೆಂದು ಹಿಂದಿನ ಗೆಜೆಟಿಯರಿನಲ್ಲಿ ಬರೆದಿದೆ. ಬೆಟ್ಟದ ಮೇಲೆ ಈ ಪಾದುಕೆಯನ್ನು ಭಕ್ತರ ತಲೆಗೆ ಮುಟ್ಟಿಸುವರು. ಶ್ರೀವೈಷ್ಣವ ದೇವಾಲಯಗಳಲ್ಲಿ ಪಾದಚಿಹ್ನೆಯುಳ್ಳ ಶಠಾರಿಯನ್ನು ತಲೆಯ ಮೇಲಿಡುವುದು ಸರ್ವತ್ರ ಕಂಡುದೇ. ಶಠಾರಿಗೂ ಹಣೆಯ ನಾಮಕ್ಕೂ ಅಭಿಪ್ರಾಯ ಒಂದೇ, ದೇವರ ಪಾದವು ಮನುಷ್ಯನ ನೆತ್ತಿಯ ಮೇಲೆ ಎಂಬುದು. ತೊಗಲಿನ ಜೋಡು ಅದೇ ಅಭಿಪ್ರಾಯವನ್ನು ಬೆಳ್ಳಿಯ ಮುಚ್ಚುಗೆಯಿಲ್ಲದೆ ಹೇಳುವುದು. ಇದರಲ್ಲಿ ಒಂದು ಕಹಿಯಾದ ಸತ್ಯವೂ ಇದೆ. ಯಾವ ಕೈಗಳ ಸ್ಪರ್ಶವನ್ನು ಊರು ದೂರವಿಟ್ಟಿತೋ ಅದೇ ಕೈಗಳು ಹೊಲಿದ ತೊಗಲಿಗೆ ಎಲ್ಲ ಜಾತಿಯವರೂ ತಲೆಯನ್ನು ಬಾಗಿಸಬೇಕಾಯಿತು. ಮೇಲುಕೋಟೆಯಲ್ಲಿ ರಾಮಾನುಜರು ಅಸ್ಪೃಶ್ಯರೆನಿಸಿದವರನ್ನು ತಿರುಕುಲದವರೆಂದು ಕರೆದು ದೇವಾಲಯದೊಳಕ್ಕೆ ಬರಮಾಡಿದರೆಂದು ಪ್ರಸಿದ್ಧಿ. ಆದರೆ ಆ ಪ್ರವೇಶವು ಬಹುಕಾಲ ವರ್ಷಕ್ಕೆ ಮೂರು ದಿನಗಳಿಗೆ ಮಾತ್ರ ಸಲ್ಲುತ್ತಿತ್ತು. ಚರ್ಮಕ್ಕೆ ಸಂದ ಗೌರವವು ಚಮ್ಮಾರನಿಗೆ ಸಲ್ಲಲು ಇನ್ನೆಷ್ಟು ಕಾಲ ಬೇಕಾಯಿತೆಂಬುದನ್ನು ಚರಿತ್ರೆಯನ್ನು ಓದುವವರು ಮರೆಯಲಾಗದು.

ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಒಂದೇ ಬಗೆಯ ಗೆರೆಯಿರುವುದೂ ಇಲ್ಲ. ಶಂಖ, ಜಾಗಟೆ, ಬವನಾಸಿಗಳನ್ನು ಹಿಡಿದು ಹರಿಸೇವೆಗೆ ಬರುವ ದಾಸಯ್ಯನ ಹಣೆಯಲ್ಲಿ ಉದ್ದನೆಯ ನಾಮ. ಹನೂರಿನ ಕಡೆಯ ಮಹದೇಶ್ವರನ ಬೆಟ್ಟಕ್ಕೆ ಹೋಗಿಬಂದ ಕಂಸಾಳೆಯವನ ಹಣೆಯಲ್ಲಿ ಅಡ್ಡನೆಯ ವಿಭೂತಿ. ಚಿಕ್ಕಲ್ಲೂರಿನ ಜಾತ್ರೆಗೆ ನಡೆಯುವ ನೀಲಗಾರನ ಹಣೆಯಲ್ಲಿ ಮಂಟೇಸ್ವಾಮಿಯ ಕಪ್ಪುಧೂಳ್ತ. ಬಿಳಿಯದು ನಿಂತಿದೆ, ಬೂದಿಯದು ಮಲಗಿದೆ, ಕಪ್ಪಿನದು ಉಳಿದೆರಡನ್ನೂ ಪ್ರಶ್ನಿಸುವಂತಿದೆ. ಆದರೂ ಒಂದೇ ಮನೆಯವರು ವರ್ಷದೊಳಗೆ ಈ ಮೂರು ಜಾತ್ರೆಗಳಿಗೂ ಹರಕೆಯನ್ನು ಸಲ್ಲಿಸುವುದು ಈ ಸೀಮೆಯಲ್ಲಿ ಆಶ್ಚರ್ಯದ ಸಂಗತಿಯಲ್ಲ. ಕಂಚಿಯವರು ಇಲ್ಲಿಗೆ ಬಂದು ನೋಡಬೇಕಾಗಿತ್ತು.

ಬೆಟ್ಟದ ಮೂಲನಿವಾಸಿಗಳಾದ ಸೋಲಿಗರಿಗೆ ರಂಗನಾಥನು ಬಂಧು. ಕುಸುಮಾಲೆಯೆಂಬ ಸೋಲಿಗರ ಹೆಣ್ಣನ್ನು ಅವನು ಮೋಹಿಸಿ ಮದುವೆಯಾದನೆಂದು ಅವರ ಕಥೆ. ಆ ಸಂಬಂಧದಿಂದ ಅವನು ಅವರಿಗೆ ಭಾವ. ಭಾವನೊಡನೆ ಸಲಿಗೆಯುಂಟು, ಹಾಸ್ಯವುಂಟು, ಹಕ್ಕೂ ಉಂಟು. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆಯ ಮರದ ಬುಡದಲ್ಲಿ ಅವರು ಪೂಜಿಸುವುದು ಕೆತ್ತನೆಯಿಲ್ಲದ ಕಲ್ಲುಗಳನ್ನು. ಅಲ್ಲಿ ಮೂರು ಗೆರೆಯೂ ಹೆಚ್ಚು; ಕಲ್ಲು ಇರುವ ಜಾಗವೇ ಸಾಕು. ಕಾಡಿನ ತುಂಬ ಹರಡಿದ ಇಂಥ ಕಲ್ಲು, ಮರ, ನೀರಿನ ತಾಣಗಳು ಆಯಾ ಕುಲದವರಿಗೆ ಸೇರಿದುವು. ಒಂದು ಕುಲದ ‘ಯೆಲ್ಲೆ’ ಎಲ್ಲಿ ಮುಗಿಯುವುದೆಂಬುದನ್ನು ಹಿರಿಯರು ಬಾಯಲ್ಲಿ ಹೇಳಬಲ್ಲರು.

1974ರಲ್ಲಿ ಸರ್ಕಾರವು ಇಲ್ಲಿ ಮತ್ತೊಂದು ಬಗೆಯ ಗೆರೆಯನ್ನು ಎಳೆಯಿತು. ಬೆಟ್ಟವು ವನ್ಯಜೀವಿಧಾಮವಾಯಿತು, ಬೇಸಾಯ, ಬೇಟೆ, ತರಗು ಸುಡುವ ರೂಢಿ ಇವೆಲ್ಲ ನಿಷಿದ್ಧವಾಗಿ, ಸೋಲಿಗರು ಕಾಡಿನೊಳಗಿನ ತಮ್ಮ ಹಾಡಿಗಳಿಂದ ರಸ್ತೆಯ ಅಂಚಿನ ಪೋಡುಗಳಿಗೆ ಬರಬೇಕಾಯಿತು. ಭಾವನ ಮನೆಗೆ ಹೋಗುವ ಹಾದಿಯು ಅಪ್ಪಣೆಯ ಹಾದಿಯಾಯಿತು. 2011ರ ಆರಂಭದಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಇಷ್ಟರೊಳಗೆ ಸೋಲಿಗರ ಹಿರಿಯರು ಸಂಶೋಧಕರೊಡನೆ ಕಾಡನ್ನು ನಡೆದು, ತಮ್ಮ ಕುಲಗಳ ನೂರಾರು ಪೂಜಾಸ್ಥಾನಗಳನ್ನು ಒಂದೊಂದಾಗಿ ತೋರಿಸಿ ನಕ್ಷೆಯಲ್ಲಿ ಗುರುತುಹಾಕಿಸಿದ್ದರು. ಬಾಯಲ್ಲಿದ್ದ ಯೆಲ್ಲೆಯು ಕಾಗದದ ಮೇಲೆ ರೇಖೆಯಾದುದು ಆಗ. ಅದೇ ವರ್ಷದ ಕೊನೆಗೆ, 2006ರ ಅರಣ್ಯಹಕ್ಕು ಕಾಯಿದೆಯಂತೆ, ಅವರ ಗ್ರಾಮಸಭೆಗಳಿಗೆ ಈ ಕಾಡಿನ ಸಾಮುದಾಯಿಕ ಹಕ್ಕು ಲಿಖಿತವಾಗಿ ದೊರೆಯಿತು. ಆ ನಕ್ಷೆಯಲ್ಲಿ ಪೂಜಾಸ್ಥಾನವೊಂದಕ್ಕೆ ಇರುವುದು ಒಂದು ಚುಕ್ಕೆ ಮಾತ್ರ. ಅದು ಯಾರ ಕುಲದ್ದು, ಅಲ್ಲಿಗೆ ಯಾವ ಹೊಳೆಯನ್ನು ದಾಟಿ ಹೋಗಬೇಕು ಎಂಬುದನ್ನು ಸೋಲಿಗರನ್ನೇ ಕೇಳಿ ತಿಳಿಯಬೇಕು.