ನೋಡಲೆಂದೇ ಬಂದವನು: ದೆಲ್ಲಾ ವಲ್ಲೆ ಕಂಡ ಮಂಗಳೂರು ಮತ್ತು ಚೌಟರಾಣಿ

ಮಂಗಳೂರಿನ ರೇವಿಗೆ ಹೊರನಾಡಿನವರು ಬಂದುದು ಹೊಸ ಸಂಗತಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಇಲ್ಲಿ ನೆಲೆಸಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದನು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಬಂದನು. 1443ರಲ್ಲಿ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಹೋಗುವ ದಾರಿಯಲ್ಲಿ ಈ ಊರನ್ನು ಹಾದುಹೋದನು. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಅಧಿಕಾರಿ ಬಾರ್ಬೋಸ ಕರಾವಳಿಯ ಅಕ್ಕಿ, ಮೆಣಸುಗಳ ವ್ಯಾಪಾರವನ್ನು ಬರೆದಿಟ್ಟನು. ಇವರಲ್ಲಿ ಹೆಚ್ಚಿನವರನ್ನು ಕರೆತಂದುದು ವ್ಯಾಪಾರ ಅಥವಾ ಅರಸರ ಕೆಲಸ. 1623ರ ಡಿಸೆಂಬರಿನಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆಗೆ ಇಲ್ಲಿ ಕೊಳ್ಳುವುದಾಗಲೀ ಮಾರುವುದಾಗಲೀ ಏನೂ ಇರಲಿಲ್ಲ. ಅವನು ಬಂದುದು ನೋಡುವುದಕ್ಕಾಗಿ. ತುಳುನಾಡಿನ ಇತಿಹಾಸಕ್ಕೆ ಇದರಿಂದ ಒದಗಿದ ಲಾಭ ಸಣ್ಣದಲ್ಲ.

ದೆಲ್ಲಾ ವಲ್ಲೆ 1586ರಲ್ಲಿ ರೋಮಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್ ಬಿಟ್ಟು ತುರ್ಕಿ, ಈಜಿಪ್ಟ್, ಜೆರುಸಲೇಮ್‌ಗಳನ್ನು ಸುತ್ತಿ ಬಾಗ್ದಾದಿಗೆ ಬಂದು, ಅಲ್ಲಿ ಮಾನಿ ಎಂಬ ಕನ್ಯೆಯನ್ನು ಮದುವೆಯಾದನು. ಪರ್ಶಿಯಾದ ದಕ್ಷಿಣ ಕರಾವಳಿಯ ಬಳಿ ಆಕೆ ಜ್ವರದಿಂದ ತೀರಿಕೊಂಡಾಗ ಶವಕ್ಕೆ ಲೇಪ ಹಾಕಿಸಿ, ಅದನ್ನು ಕೊನೆಗೆ ರೋಮಿಗೆ ಒಯ್ದು ಮಣ್ಣು ಮಾಡಿದನು. ತಾನು ಕಂಡುದನ್ನೆಲ್ಲ ನೇಪಲ್ಸಿನ ಗೆಳೆಯ ಮಾರಿಯೊ ಸ್ಕಿಪಾನೊಗೆ ಪತ್ರಗಳ ರೂಪದಲ್ಲಿ ಬರೆದನು. ಆ ಪತ್ರಗಳ ಭಾರತ ಭಾಗವು 1664ರ ಇಂಗ್ಲಿಷ್ ಅನುವಾದದ ಮೂಲಕ, ಮುಂದೆ 1892ರ ಹಕ್ಲುಯ್ತ್ ಸೊಸೈಟಿಯ ಆವೃತ್ತಿಯ ಮೂಲಕ ನಮ್ಮ ಸಂಶೋಧಕರ ಕೈಗೆ ಬಂದಿದೆ.

ಗೋವೆಯಿಂದ ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಅವನು ಹೊನ್ನಾವರಕ್ಕೆ ಬಂದನು. ಮಂಗಳೂರಿನ ಬಂಗ ಅರಸನ ರಾಜ್ಯದ ವಿಷಯವಾಗಿ ಮಾತುಕತೆ ನಡೆಸುವುದು ರಾಯಭಾರಿಯ ಕೆಲಸ. ದೆಲ್ಲಾ ವಲ್ಲೆ ಕೇವಲ ಸಂಗಾತಿ. ಗೇರುಸೊಪ್ಪೆಯಲ್ಲಿ ಒಂದು ಕಾಲಕ್ಕೆ ರಾಣಿಯರು ಆಳಿದ ನಗರವು ಕಾಡು ಬೆಳೆದು ಹಾಳಾಗಿರುವುದನ್ನು ಕಂಡನು. ಘಟ್ಟ ಹತ್ತಿದ ಮೇಲೆ ಒಂದು ಗುಡಿಯ ಜಗುಲಿಯಲ್ಲಿ ನಾಲ್ವರು ಹುಡುಗರು ಉಪಾಧ್ಯಾಯರಿಲ್ಲದೆ ರಾಗವಾಗಿ ಹೇಳಿಕೊಳ್ಳುತ್ತ, ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಂಕಿ ತಿದ್ದುತ್ತಿರುವುದನ್ನು ನಿಂತು ನೋಡಿದನು. ಯಾವ ರಾಯಭಾರಿಯ ವರದಿಯಲ್ಲಿಯೂ ಇಂಥ ಹುಡುಗರಿಗೆ ಎಡೆಯಿರುವುದಿಲ್ಲ. ಕರ್ನಾಟಕದ ಶಿಕ್ಷಣ ಚರಿತ್ರೆಗೆ ಇಂದು ಆ ವಿವರವೇ ಬೆಲೆಬಾಳುವ ಆಧಾರ.

ಇಕ್ಕೇರಿಯಿಂದ ಘಟ್ಟ ಇಳಿದು, ಬಸರೂರಿನ ಮಾರ್ಗವಾಗಿ ಅವನು ಮಂಗಳೂರು ಸೇರಿದನು. ಅವನ ಕಣ್ಣಿಗೆ ಅದು ದೊಡ್ಡ ನಗರವಾಗಿ ಕಾಣಲಿಲ್ಲ. ಎರಡು ನದಿಗಳು ಕಡಲು ಸೇರುವೆಡೆಯಲ್ಲಿ ಪೋರ್ಚುಗೀಸರ ಸಾಧಾರಣವಾದ ಕೋಟೆ, ಅದರ ಪಕ್ಕದಲ್ಲಿ ದುರ್ಬಲ ಗೋಡೆಯ ಚಿಕ್ಕ ಪೇಟೆ, ಕೆಲವು ಇಗರ್ಜಿಗಳು. ದಕ್ಷಿಣ ದಡದಲ್ಲಿ ಉಳ್ಳಾಲ. ಕದ್ರಿಗೆ ಹೋಗಿ ಜೋಗಿಗಳ ಅರಸನೆನಿಸಿದ ಮಠಾಧಿಪತಿಯನ್ನೂ ಕಂಡನು. ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರ ವಿಗ್ರಹದಿಂದ ವಿದ್ವಾಂಸರಿಗೆ ಪರಿಚಿತವಾದ ಕದ್ರಿಯು ಹದಿನೇಳನೆಯ ಶತಮಾನದಲ್ಲಿ ನಾಥಪಂಥದ ಜೀವಂತ ಕೇಂದ್ರವಾಗಿತ್ತೆಂಬುದಕ್ಕೆ ಈ ಭೇಟಿ ಸಾಕ್ಷಿ.

ಆದರೆ ಅವನು ಬಹುವಾಗಿ ನೋಡಬಯಸಿದ್ದು ಉಳ್ಳಾಲದ ರಾಣಿಯನ್ನು. ಆಕೆ ಆಗ ಇದ್ದುದು ಒಳನಾಡಿನ ಮಣೇಲಿನಲ್ಲಿ. ಅಲ್ಲಿ ತಂಗಲು ಎಡೆ ಹುಡುಕುತ್ತಿದ್ದಾಗಲೇ ರಾಣಿ ಎದುರಿಗೆ ನಡೆದು ಬಂದಳು. ಹಿಂದೆ ಮುಂದೆ ಕತ್ತಿ ಗುರಾಣಿ ಹಿಡಿದ ಕೆಲವೇ ಕಾಲಾಳುಗಳು, ತಲೆಯ ಮೇಲೆ ತಾಳೆಗರಿಯ ಕೊಡೆ, ಬರಿಗಾಲು, ಸೊಂಟಕ್ಕೆ ಸುತ್ತಿದ ದಪ್ಪ ಹತ್ತಿಬಟ್ಟೆ. ಆಕೆ ಹೊರಟಿದ್ದುದು ತೋಡಿಸುತ್ತಿದ್ದ ಕಾಲುವೆಗಳ ಕೆಲಸ ನೋಡಲು. ರೋಮಿನ ಶ್ರೀಮಂತನಿಗೆ ಆಕೆ ಮೊದಲ ನೋಟದಲ್ಲಿ ಅಡುಗೆಮನೆಯ ಆಳಿನಂತೆ ಕಂಡಳು. ಸ್ಪೇನಿನ ದೊರೆಯ ಸೈನ್ಯಗಳನ್ನು ಸೋಲಿಸಿದವಳು ಇವಳೇ ಎಂದು ಅವನು ಮನಸ್ಸಿನಲ್ಲಿಯೇ ಬೆರಗಾದನು. ಪೋರ್ಚುಗಲ್ ಆಗ ಸ್ಪೇನಿನ ದೊರೆಯ ಅಧೀನದಲ್ಲಿತ್ತು. ಆಕೆ ಮಾತನಾಡತೊಡಗಿದಾಗ ಅವನ ಎಣಿಕೆ ಬದಲಾಯಿತು. ಧ್ವನಿಯ ಸೊಗಸು, ಮಾತಿನ ವಿವೇಕಗಳಲ್ಲಿ ರಾಣಿತನವಿದೆ ಎಂದು ಒಪ್ಪಿ ಬರೆದನು.

ದುಭಾಷಿಯ ಮೂಲಕ ನಡೆದ ಆ ಸಂಭಾಷಣೆಯಲ್ಲಿ ರಾಣಿ ಕೇಳಿದ ಪ್ರಶ್ನೆ ಮನನೀಯ. ಪ್ರಿಯವಾದುದೇನನ್ನಾದರೂ ಕಳೆದುಕೊಂಡು ಹೀಗೆ ಲೋಕ ಸುತ್ತುತ್ತಿರುವೆಯೋ ಎಂದು ಆಕೆ ವಿಚಾರಿಸಿದಳು. ದೇಶಗಳನ್ನೂ ಆಚಾರಗಳನ್ನೂ ನೋಡಿ ಕಲಿಯುವ ಆಸೆಯಿಂದ ತಿರುಗುತ್ತಿದ್ದೇನೆ ಎಂದು ಅವನ ಉತ್ತರ. ಜೊತೆಗೆ, ಪ್ರೀತಿಸಿದ ಹೆಂಡತಿ ತೀರಿದ ಮೇಲೆ ವೇಷದಲ್ಲಿ ಅಲ್ಲದಿದ್ದರೂ ಮನಸ್ಸಿನಲ್ಲಿ ತಾನು ಜೋಗಿಗಿಂತ ಹೆಚ್ಚಿನವನಾಗಿದ್ದೇನೆ ಎಂದೂ ಹೇಳಿಕೊಂಡನು. ನೋಡಲು ಬಂದವನನ್ನು ರಾಣಿಯೂ ನೋಡಿದ್ದಳು. ಅವನು ಆಕೆಯ ಉಡುಗೆಯಲ್ಲಿ ತಡವರಿಸಿದ ಹೊತ್ತಿನಲ್ಲಿ ಆಕೆ ಅವನ ಒಳಗಿನ ದುಃಖವನ್ನು ಗುರುತಿಸಿದ್ದಳು.

ಸಂಶೋಧಕರಿಗೆ ಈ ಬರಹ ಕೊಡುವ ಸಂಗತಿಗಳು ಮೂರು. ಮೊದಲನೆಯದು ಹೆಸರು. ರಾಣಿಯನ್ನು ‘ಅಬಗ್ ದೇವಿ ಚೌತ್ರು’ ಎಂಬಂತೆ ಬರೆದು, ಕೊನೆಯ ಪದ ಆ ವಂಶದ ಅರಸರ ಬಿರುದೆಂದು ವಿವರಿಸಿದ್ದಾನೆ. ಇದು ಅಬ್ಬಕ್ಕದೇವಿ ಚೌಟ ಎಂಬುದರಲ್ಲಿ ಅನುಮಾನವಿಲ್ಲ. ಎರಡನೆಯದು ವಯಸ್ಸು. ಆಕೆ ತುಂಬ ವಯಸ್ಸಾದವಳೆಂದು ಕೇಳಿದ್ದರೂ ಕಣ್ಣಿಗೆ ಸುಮಾರು 40 ವರ್ಷದವಳಂತೆ ಕಂಡಳೆಂದು ಅವನ ಹೇಳಿಕೆ. 1555 ಮತ್ತು 1568ರಲ್ಲಿ ಉಳ್ಳಾಲದ ಮೇಲೆ ಪೋರ್ಚುಗೀಸರು ದಾಳಿ ಮಾಡಿದಾಗ ಇದ್ದ ರಾಣಿ ಈಕೆಯೇ ಆಗಿರುವುದು ಅಸಂಭವ. ಜನರ ನೆನಪಿನಲ್ಲಿ ಒಬ್ಬಳೇ ಆಗಿರುವ ಅಬ್ಬಕ್ಕ, ಇತಿಹಾಸದಲ್ಲಿ ಒಬ್ಬಳಿಗಿಂತ ಹೆಚ್ಚು. ಇದರಿಂದ ಆ ಹೆಸರಿನ ಹಿರಿಮೆ ಕುಗ್ಗುವುದಿಲ್ಲ. ಒಂದು ಜೀವಿತದ ಸಾಹಸವೆಂದು ತಿಳಿದುದು ತಲೆಮಾರುಗಳ ಹಟವಾಗಿತ್ತೆಂದು ತಿಳಿಯುತ್ತದೆ. ಮೂರನೆಯದು ಕಾಲುವೆ. ಪೋರ್ಚುಗೀಸ್ ದಾಖಲೆಗಳಲ್ಲಿ ಶತ್ರುವಾಗಿ, ನಮ್ಮ ಕಥನಗಳಲ್ಲಿ ವೀರಳಾಗಿ ಮಾತ್ರ ಉಳಿದ ರಾಣಿ, ಇಲ್ಲಿ ನೀರಾವರಿಯ ಕೆಲಸವನ್ನು ಸ್ವತಃ ನೋಡಿಕೊಳ್ಳುವ ಒಡತಿಯಾಗಿ ಕಾಣಿಸುತ್ತಾಳೆ.

ಆದರೂ ಪ್ರವಾಸಿಯ ಕಣ್ಣಿಗೆ ಮಿತಿಯುಂಟು. ಕ್ರೈಸ್ತರೂ ಮುಸಲ್ಮಾನರೂ ಅಲ್ಲದವರೆಲ್ಲರಿಗೂ ಆ ಕಾಲದ ಯುರೋಪಿಯನ್ನರು ಬಳಸುತ್ತಿದ್ದ ಒಂದೇ ಪದ ಅವನಿಗೂ ಸಾಕಾಗಿತ್ತು. ಚೌಟರು, ಬಂಗರು ಜೈನ ಅರಸು ಮನೆತನಗಳೆಂಬುದನ್ನೂ ಅಳಿಯಸಂತಾನದ ಕಟ್ಟಿನಲ್ಲಿ ಹೆಣ್ಣು ಪಟ್ಟಕ್ಕೇರುವುದು ಸಹಜವೆಂಬುದನ್ನೂ ತಿಳಿಯಲು ಶಾಸನಗಳ ಕಡೆಗೂ, ಮೂಡುಬಿದಿರೆಯ ಬಸದಿಗಳ ಕಡೆಗೂ, ಅಲ್ಲಿಯ ಚೌಟರ ಅರಮನೆಯ ಕೆತ್ತನೆಯ ಮರದ ಕಂಬಗಳ ಕಡೆಗೂ ತಿರುಗಬೇಕು. ಪ್ರವಾಸಕಥನವು ಶಾಸನಕ್ಕೆ ಬದಲಲ್ಲ, ಶಾಸನವು ಪ್ರವಾಸಕಥನಕ್ಕೂ ಬದಲಲ್ಲ. ದತ್ತಿ, ದಾನ, ವಂಶಾವಳಿಗಳನ್ನು ಕಲ್ಲು ಹೇಳುತ್ತದೆ. ರಾಣಿಯ ಧ್ವನಿ ಹೇಗಿತ್ತೆಂಬುದನ್ನು ಹೇಳುವುದಿಲ್ಲ.

ಇಂದು ಹೊಸಕೋಟೆ, ದೇವನಹಳ್ಳಿಗಳಂಥ ಬಯಲುಸೀಮೆಯ ಊರುಗಳಿಂದ ಮಂಗಳೂರಿಗೆ ಹೋಗುವವರು ಕದ್ರಿಯನ್ನೂ ಉಳ್ಳಾಲದ ಕಡಲತೀರವನ್ನೂ ಅಲ್ಲಿಯ ಅಬ್ಬಕ್ಕನ ಪ್ರತಿಮೆಯನ್ನೂ ನೋಡಿ ಹಿಂದಿರುಗುತ್ತಾರೆ. ಮಣೇಲಿನ ದಾರಿ ಹಿಡಿಯುವವರು ವಿರಳ. ಪ್ರತಿಮೆಯ ರಾಣಿಗೆ ಆಯುಧವಿದೆ, ಗಾಂಭೀರ್ಯವಿದೆ. ದೆಲ್ಲಾ ವಲ್ಲೆ ಕಂಡ ರಾಣಿಗೆ ಇದ್ದುದು ತಾಳೆಗರಿಯ ಕೊಡೆ, ಬರಿಗಾಲು ಮತ್ತು ಮುಗಿಸಬೇಕಾದ ಕಾಲುವೆಯ ಕೆಲಸ. ಚೌಟರ ಚರಿತ್ರೆಯನ್ನು ಬರೆಯುವವರಿಗೆ ಈ ಇಬ್ಬರೂ ಬೇಕು.